ಕುಡಿಯುವ ನೀರಿನ ಕೆರೆಗೆ ಇಳಿದ ದೋಣಿ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ನವಲಗುಂದಕ್ಕೂ ಅಣ್ಣಿಗೇರಿಗೂ ನಡುವೆ ಇರುವ ಎರೆನೆಲದ ಒಂದು ಹಳ್ಳಿಯಲ್ಲಿ ಹೈಸ್ಕೂಲು ಶಿಕ್ಷಕನಾಗಿದ್ದೆ. ಧಾರವಾಡದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿ ಬಂದವನು. ಎದುರಿನವರ ಆಕ್ಷೇಪಗಳನ್ನು ಒಂದೊಂದಾಗಿ ತೆಗೆದುಹಾಕಿದರೆ ಕೊನೆಯಲ್ಲಿ ಉಳಿಯುವುದು ನ್ಯಾಯವೇ ಎಂದು ನಂಬಿದ್ದೆ. ಆ ನಂಬಿಕೆಯನ್ನು ಈಗಲೂ ಪೂರ್ತಿಯಾಗಿ ಬಿಟ್ಟಿಲ್ಲ.

ಆ ಊರಿನಲ್ಲಿ ಎಲ್ಲಿ ಬಾವಿ ತೋಡಿದರೂ ಉಪ್ಪುನೀರು. ಇಡೀ ಊರು ಕುಡಿಯುತ್ತಿದ್ದುದು ಒಂದೇ ಕೆರೆಯ ನೀರನ್ನು. ಸುತ್ತ ಕಲ್ಲಿನ ಗೋಡೆ, ಒಂದು ಬಾಗಿಲು, ನೀರಿನವರೆಗೆ ಇಳಿಯಲು ಕಲ್ಲಿನ ಪಾವಟಿಗೆಗಳು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬರಬೇಕು. ನೀರಿಗೆ ಕಾಲಿಡದೆ ಕೊಡವನ್ನಷ್ಟೇ ಅದ್ದಬೇಕು. ಈ ಕಟ್ಟಳೆಗಳನ್ನು ಸಣ್ಣ ಮಕ್ಕಳೂ ಮೀರುತ್ತಿರಲಿಲ್ಲ. ಇನ್ನೊಂದು ಕಟ್ಟಳೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಊರಂಚಿನ ಕೇರಿಯವರು ಪಾವಟಿಗೆ ಇಳಿಯುತ್ತಿರಲಿಲ್ಲ. ಬಾಗಿಲ ಬಳಿ ಕೊಡ ಇಟ್ಟು ನಿಲ್ಲುತ್ತಿದ್ದರು. ಮನಸ್ಸು ಬಂದವರು ಮೇಲಿನಿಂದ ನೀರು ಸುರಿದು ಹೋಗುತ್ತಿದ್ದರು.

ನಮ್ಮ ಶಾಲೆಯ ವಿಜ್ಞಾನ ಶಿಕ್ಷಕ, ನನ್ನ ಆಪ್ತ ಗೆಳೆಯ, ಆ ಕೇರಿಯವನು. ಅವನ ತಂದೆಯ ಕಾಲದಲ್ಲೇ ಆ ಮನೆಯವರು ಬೌದ್ಧರಾಗಿದ್ದರು. ಊರಿನ ಎಲ್ಲ ಮನೆಗಳ ಮಕ್ಕಳೂ ಅವನ ಎದುರು ಕುಳಿತು ಪಾಠ ಕೇಳುತ್ತಿದ್ದರು. ಅವನ ತಾಯಿ ಮಾತ್ರ ದಿನವೂ ಕೆರೆಯ ಬಾಗಿಲಲ್ಲಿ ಕಾಯುತ್ತಿದ್ದರು.

ತಾಲೂಕಿನ ಶಾಲೆಗಳ ವಿಜ್ಞಾನ ಪ್ರದರ್ಶನ ಆ ವರ್ಷ ನಮ್ಮಲ್ಲಿ ನಡೆಯುವುದಿತ್ತು. ಅದಕ್ಕಾಗಿ ಅವನು ಒಂದು ಮಾದರಿ ದೋಣಿ ಮಾಡಲು ಕುಳಿತ. ಕೆಟ್ಟ ಟೇಪ್ ರೆಕಾರ್ಡರಿನ ಮೋಟರು ದೋಣಿಯೊಳಗೆ ಸಮತಟ್ಟಾಗಿ ಕೂರಬೇಕು, ನೀರನ್ನು ತಳ್ಳುವ ತಗಡಿನ ಪಂಕಾ ತಳದ ಕೆಳಗೆ ತಿರುಗಬೇಕು. ನೇರವಾದ ಸರಳು ಇವೆರಡನ್ನೂ ಕೂಡಿಸಲಾರದು. ಆದ್ದರಿಂದ ಹಳೆಯ ಮೋಟರ್ ಸೈಕಲ್ಲಿನ ಸ್ಪೀಡೋಮೀಟರ್ ಕೇಬಲಿನ ಒಳತಂತಿಯನ್ನು ಕತ್ತರಿಸಿ, ಬಾಗುತ್ತಲೇ ತಿರುಗುವ ದಂಡವನ್ನಾಗಿ ಮಾಡಿದ. ಅದು ಒಳಗೆ ತಿರುಗಲು ಒಂದು ತಾಮ್ರದ ಕೊಳವೆ. ಮಡಿಚಿಕೊಳ್ಳದಿರಲೆಂದು ಅದರಲ್ಲಿ ಸಣ್ಣ ಮರಳು ತುಂಬಿ ನಿಧಾನವಾಗಿ ಬಾಗಿಸಿದ. ತಂತಿ ಒಂದು ದಿಕ್ಕಿಗೆ ತಿರುಗಿದರೆ ಹುರಿ ಬಿಗಿಯುತ್ತದೆ, ಇನ್ನೊಂದು ದಿಕ್ಕಿಗೆ ಎಳೆ ಬಿಚ್ಚುತ್ತದೆ ಎಂದು ಬೆರಳಿನಲ್ಲಿ ಹೊಸೆದು ತೋರಿಸಿದ. ಬಿಗಿದಾಗ ಅದು ತುಸು ಗಿಡ್ಡಾಗುವುದರಿಂದ ಪಂಕಾಕ್ಕೂ ಕೊಳವೆಗೂ ನಡುವೆ ಉಗುರಿನ ದಪ್ಪದಷ್ಟು ಅಂತರ ಬಿಟ್ಟ.

"ಇದನ್ನ ಎಲ್ಲಿ ಬಿಡಾಂವ?" ಎಂದು ಕೇಳಿದೆ.

"ಕೆರ್ಯಾಗ. ನನ್ನ ಕೈಲೆ," ಎಂದ. "ಬ್ಯಾರೇದವರು ಬಿಡೂದಾದ್ರ ನಾ ಮಾಡೂದ ಬ್ಯಾಡ."

ಅವನು ಕೇಳುತ್ತಿರುವುದು ದೋಣಿಗಷ್ಟೇ ಸಂಬಂಧಿಸಿದ್ದಲ್ಲ ಎಂಬುದು ನನಗೆ ತಿಳಿಯಿತು. ಒಪ್ಪಿಗೆ ಪಡೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಪಂಚಾಯ್ತಿಯ ಚೇರಮನ್ನರು ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನ ಮಾತನ್ನು ಸಮಾಧಾನದಿಂದ ಕೇಳಿ, "ಬಿಡ್ರಿ, ಬ್ಯಾಡಂದವರ್ಯಾರು? ಆದ್ರ ಅದಕ್ಕ ಗ್ರೀಸ್ ತುಂಬತಾರಂತಲ್ರಿ ಮಾಸ್ತರ. ಊರ ಮಂದಿಗೆ ಗ್ರೀಸ್ ಕುಡಸಾವ್ರೇನು?" ಎಂದರು.

ಆಕ್ಷೇಪ ಸರಿಯಾದದ್ದೇ. ಕೊಳವೆಯಲ್ಲಿ ಗ್ರೀಸ್ ತುಂಬದಿದ್ದರೆ ದಂಡ ಸವೆಯುತ್ತದೆ, ನೀರೂ ಒಳಗೇರುತ್ತದೆ. ನಾನು ತಡವರಿಸದೆ, "ಗ್ರೀಸ್ ಬ್ಯಾಡ್ರಿ, ಕುಸುಬಿ ಎಣ್ಣಿ ಹಾಕತೀವಿ. ನಿಮ್ಮ ಒಗ್ಗರಣಿಗೆ ಹಾಕೂದ ಅದ," ಎಂದೆ.

"ಸಾಸಿವಿ ಜೀರಗಿನೂ ಹಾಕ್ರಿ ಮಾಸ್ತರ, ಕೆರೀನ ಸಾರು ಅಕ್ಕೈತಿ," ಎಂದ ಕಟ್ಟೆಯ ಮೇಲಿದ್ದವನೊಬ್ಬ. ಎಲ್ಲರೂ ನಕ್ಕರು, ಚೇರಮನ್ನರೂ ನಕ್ಕರು. ಆಮೇಲೆ, "ನೀರಿಗೆ ಬಿಡಾವ್ರು ಯಾರು?" ಎಂದು ಕೇಳಿದರು.

"ಮಾಡಿದವರ ರೀ."

ಅವರು ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದರು. "ಅವತ್ತಿಂದು ಅವತ್ತ ನೋಡೂಣು."

ದೋಣಿಯ ಕೊಳವೆಗೆ ಕುಸುಬೆ ಎಣ್ಣೆ ಬಿತ್ತು. ಆದರೆ ಪ್ರದರ್ಶನ ನೋಡಲು ಬರಬೇಕಿದ್ದ ಅಧಿಕಾರಿಗಳ ಭೇಟಿ ಮುಂದೆ ಹೋಯಿತು, ಅದರೊಂದಿಗೆ ಪ್ರದರ್ಶನವೂ ಮುಂದೆ ಹೋಯಿತು. ದೋಣಿ ಬಿಸಿಲು ಬೀಳುವ ಕಿಟಕಿಯಲ್ಲಿ ವಾರಗಟ್ಟಲೆ ಕುಳಿತಿತ್ತು. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ ಎಂಬುದು ನಮ್ಮ ಕಡೆಯ ಯಾವ ಅಡುಗೆಮನೆಯ ಎಣ್ಣೆಗಿಂಡಿಯನ್ನು ಮುಟ್ಟಿದರೂ ತಿಳಿಯುವ ಸಂಗತಿ. ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ.

ಪ್ರದರ್ಶನದ ದಿನ ಮಕ್ಕಳು, ಶಿಕ್ಷಕರು, ಊರವರು ಕೆರೆಯ ಸುತ್ತ ಸೇರಿದರು. ಗೆಳೆಯ ದೋಣಿ ಹಿಡಿದು ಬಾಗಿಲವರೆಗೆ ಬಂದ. ಅಲ್ಲಿ ಚೇರಮನ್ನರು ತಮ್ಮ ಸೋದರಳಿಯನಿಗೆ, "ಸರ್ ಕೈಯಾಗಿಂದು ಇಸಕೋಪಾ," ಎಂದರು. ಆ ತರುಣ ನಮ್ಮ ಶಾಲೆಯಲ್ಲೇ ಓದಿ ಕಾಲೇಜು ಸೇರಿದವನು. ನಾನು ವಾದಕ್ಕೆ ಬಾಯಿ ತೆರೆದೆ. ಗೆಳೆಯ ನನ್ನ ತೋಳು ಮುಟ್ಟಿ ತಡೆದ. ಮಕ್ಕಳ ಕಣ್ಣೆದುರು ಎಳೆದಾಟ ಅವನಿಗೆ ಬೇಡವಾಗಿತ್ತು. ದೋಣಿಯನ್ನು ಕೊಟ್ಟುಬಿಟ್ಟ. ಅವನ ಮುಖವನ್ನು ನಾನು ನೋಡಲಾರದೆ ಹೋದೆ.

ತರುಣ ಕೆಳಗಿಳಿದು ದೋಣಿಯನ್ನು ನೀರಿಗಿಟ್ಟು ಸ್ವಿಚ್ಚು ಒತ್ತಿದ. ಮೋಟರು ಗೊಣಗಿತು; ಪಂಕಾ ಅಲುಗಲಿಲ್ಲ. ಅವನು ಅದನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸತೊಡಗಿದ.

"ಹಿಂದ ತಿರವಬ್ಯಾಡೋ, ಎಳಿ ಬಿಚ್ಚತಾವ," ಎಂದು ಗೆಳೆಯ ಮೇಲಿನಿಂದ ಹೇಳಿದ. "ಎಣ್ಣಿ ಅಂಟಾಗೇತಿ. ಪಂಕಾ ಹಿಡದು ಮೆತ್ತಗ ಹೊರಗ ಎಳಿ."

"ಬರವಲ್ದರಿ ಸರ್."

"ಇನ್ನಷ್ಟ ಮೆತ್ತಗ."

"ಮುರೀತೇತಿ ಸರ್. ನೀವ ಬರ್ರಿ ಇಲ್ಲೆ."

ತರಗತಿಯಲ್ಲಿ ಲೆಕ್ಕ ತಪ್ಪಿದಾಗ ಕರೆಯುತ್ತಿದ್ದ ಹಾಗೆಯೇ ಕರೆದುಬಿಟ್ಟಿದ್ದ. ಎಲ್ಲರೂ ಚೇರಮನ್ನರತ್ತ ತಿರುಗಿದರು. ಅವರು ನೀರನ್ನು ನೋಡುತ್ತ ನಿಂತರು. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಗೆಳೆಯ ಕಾಲು ತೊಳೆದುಕೊಂಡು ಪಾವಟಿಗೆ ಇಳಿದ. ಕೊನೆಯ ಕಲ್ಲಿನ ಮೇಲೆ ಕುಳಿತು, ಪಂಕಾದೊಂದಿಗೆ ದಂಡವನ್ನು ಹೊರಗೆಳೆದು, ಕಂದು ಅಂಟನ್ನು ಕರವಸ್ತ್ರದಿಂದ ಒರೆಸಿದ, ಉಗುರಿನಿಂದ ಕೆರೆದ. ಬೇರೆ ಎಣ್ಣೆ ಇರಲಿಲ್ಲ. ಸ್ವಲ್ಪ ದೂರದ ಓಟಕ್ಕೆ ನೀರೇ ಸಾಕು. ಕೆರೆಗೆ ಕೈಯದ್ದಿ, ಬೊಗಸೆಯಲ್ಲಿ ನೀರೆತ್ತಿ ಕೊಳವೆಗೆ ಬಿಟ್ಟ. ಅಷ್ಟು ಜನರ ನಡುವೆ ಆ ನೀರು ಜಿನುಗುವ ಸದ್ದು ನನಗೆ ಕೇಳಿಸಿತು. ದಂಡವನ್ನು ಮತ್ತೆ ತೂರಿಸಿ, ಮೋಟರಿನ ಹಿಡಿತಕ್ಕೆ ಕೂಡಿಸಿ, ದೋಣಿಯನ್ನು ತನ್ನ ಕೈಯಿಂದಲೇ ಬಿಟ್ಟ. ಅದು ಎದುರಿನ ಗೋಡೆಯವರೆಗೂ ನೇರವಾಗಿ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ದೊಡ್ಡವರು ತಟ್ಟಲಿಲ್ಲ.

ಅಂದು ಸಂಜೆ ಕೆರೆಗೆ ಬಂದ ಕೊಡಗಳು ಬಹಳ ಕಡಿಮೆ. ಮರುದಿನ ಬೆಳಿಗ್ಗೆಯೂ ಅಷ್ಟೇ. ಆದರೆ ಉಪ್ಪುನೀರಿನಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ. ಸಂಜೆಯ ಹೊತ್ತಿಗೆ ಎಲ್ಲ ಮನೆಗಳ ಕೊಡಗಳೂ ಮರಳಿದವು. ನಾನು ಗೆಳೆಯನ ಮನೆಗೆ ಹೋಗಿ, ಗೆದ್ದೆವು ಎಂದೆ.

"ಬ್ಯಾಳಿ ಬೇಯಲಿಲ್ಲಂತ ಬಂದಾರ," ಎಂದ ಅವನು. "ನಿನ್ನ ಮಾತು ಖರೆ ಅಂತಲ್ಲ."

"ಬಂದಾರೋ ಇಲ್ಲೋ?"

"ಬಂದಾರ. ಅದಕ್ಕ ನಾಳಿನೂ ಇಳೀಬೇಕು. ಒಂದ ಸಲ ಇಳದು ಸುಮ್ನಾದ್ರ ಅದು ಬರೇ ರಿಪೇರಿ ಅನಿಸ್ಕೋತದ."

ಮರುದಿನ ಬೆಳಿಗ್ಗೆ ಅವನು ತಾಯಿಯೊಡನೆ ಕೆರೆಗೆ ಹೊರಟ. ನಾನೂ ಜೊತೆಗೆ ನಡೆದೆ. ತಾಯಿ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಅವನು ಅವಸರ ಮಾಡಲಿಲ್ಲ. ಕೊನೆಗೆ ಕಾಲು ತೊಳೆದು, ಗೋಡೆ ಹಿಡಿದು ಒಂದೊಂದೇ ಪಾವಟಿಗೆ ಇಳಿದರು. ಕೆಳಗೆ ನೀರು ತುಂಬುತ್ತಿದ್ದ ಹೆಣ್ಣುಮಗಳೊಬ್ಬಳು ತನ್ನ ಕೊಡವನ್ನು ಪಕ್ಕಕ್ಕೆ ಎಳೆದುಕೊಂಡಳು. ಎದ್ದು ಹೋಗುವಳೆಂದು ನಾನು ಭಾವಿಸಿದೆ, ಅವಳು ಹೋಗಲಿಲ್ಲ. ತಾಯಿ ಕೊಡವನ್ನು ನೀರಿಗೆ ಒತ್ತಿದರು. ಆ ಕೆರೆಯಲ್ಲಿ ಅವರು ಎಂದೂ ಕೊಡ ಅದ್ದಿದವರಲ್ಲ. ಖಾಲಿ ಕೊಡ ಮತ್ತೆ ಮತ್ತೆ ಮೇಲೇಳುತ್ತಿತ್ತು.

ಆ ಹೆಣ್ಣುಮಗಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮುಖ ತಿರುಗಿಸಿಕೊಂಡೇ, "ಬಾಯಿ ವಾರಿ ಮಾಡಬೇ, ತುಂಬತದ," ಎಂದಳು.

ತಾಯಿ ಕೊಡವನ್ನು ಓರೆ ಮಾಡಿದರು. ಅದು ತುಂಬತೊಡಗಿತು.