ಹುಳ ಮನೆಯಲ್ಲಿ ಡ್ರಮ್ಮು

ನನ್ನ ಮೊಮ್ಮಗಳು ಡ್ರಮ್ಮು ಬಾರಿಸುತ್ತಾಳೆ. ಇದನ್ನು ಹೇಳದೆ ಟಿ. ನರಸೀಪುರದ ಬಸ್ಸಿನಲ್ಲಿ ನಾನು ಯಾರ ಪಕ್ಕದಿಂದಲೂ ಎದ್ದಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು, ಈಗ ಬರೆಯಲೂ ಕೂತಿದ್ದೇನೆ ನೋಡಿ! ಪಿಯುಸಿ ಓದುವ ಅವಳು, ನಂಜನಗೂಡಿನ ಮೂವರು ಹುಡುಗರು, ಸೇರಿ ಒಂದು ರಾಕ್ ಬ್ಯಾಂಡು. ಅದು ಬೆಳೆದದ್ದು ನಮ್ಮ ರೇಷ್ಮೆ ಹುಳ ಸಾಕುವ ಮನೆಯಲ್ಲಿ.

ನಂಜನಗೂಡಿನಲ್ಲಿ ಅವರು ಅಭ್ಯಾಸಕ್ಕೆ ಕೂತಲ್ಲೆಲ್ಲ ಅಕ್ಕಪಕ್ಕದವರು ಬಂದು ಬಾಗಿಲು ಬಡಿದಿದ್ದರು. ನಮ್ಮ ಹುಳ ಮನೆಯಾದರೆ ಹಿಪ್ಪುನೇರಳೆ ತೋಟದ ನಡುವೆ ಒಂಟಿಯಾಗಿದೆ. ಹುಳದ ಒಂದು ಬೆಳೆ ಮುಗಿದು ಇನ್ನೊಂದು ಬರುವತನಕ ಖಾಲಿ. ಸೊಪ್ಪು ತಂದು ಕೂಡಿಡುವ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟೆ. ಅಲ್ಲಿ ಬಾರಿಸಿದ ಒಂದು ಹಾಡನ್ನು ಫೋನಿನಲ್ಲಿ ಹಾಕಿದ್ದೇ ತಡ, ಮೈಸೂರಿನ ದೊಡ್ಡ ವೇದಿಕೆಯೊಂದರಿಂದ ಕರೆ ಬಂತು. ಉಳಿದದ್ದು ಆರೇ ದಿನ. ಅಷ್ಟರಲ್ಲಿ ಮನೆ ತುಂಬ ಹುಳ. ಕೊನೆಯ ಸಲ ಪೊರೆ ಬಿಟ್ಟು ಎದ್ದು, ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದವು.

ಹುಳ ಇರುವ ಮನೆಯಲ್ಲಿ ನಾವು ಜೋರಾಗಿ ಕೆಮ್ಮುವುದೂ ಇಲ್ಲ. ನಮ್ಮತ್ತೆ ಕಲಿಸಿದ್ದು ಹಾಗೆ. ಬೆದರಿ ಮೇವು ಬಿಟ್ಟರೆ ಗೂಡು ಕಟ್ಟುವುದಿಲ್ಲ. ಇಡೀ ಬೆಳೆ ತಿಪ್ಪೆಗೆ.

"ಉಳಕ್ಕೆ ಕಿವಿ ಇಲ್ಲ ಕಣಜ್ಜಿ" ಎಂದಳು ಮೊಮ್ಮಗಳು.

"ಯಾರೇ ಏಳಿದ್ದು? ಉಳನೇ ಬಂದು ಏಳ್ತಾ?"

ಅವಳು ನಗಲಿಲ್ಲ. ಡ್ರಮ್ಮಿನ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಾಚೆ ಕೂತುಬಿಟ್ಟಳು. ಆ ಮುಖ ನೋಡಿ ನನ್ನ ಕೈಲಿ ತಡೆಯಲಾಗಲಿಲ್ಲ.

"ಒಂದೇ ಆಡು. ನಾ ನಿಲ್ಸು ಅಂದ್ರೆ ನಿಲ್ಲಿಸ್ಬೇಕು."

ಹುಡುಗರನ್ನು ಸಾಲಾಗಿ ನಿಲ್ಲಿಸಿ, ಹುಳಕ್ಕೆ ರೋಗ ತಗಲದಂತೆ ಔಷಧಿ ನೀರಲ್ಲಿ ಕೈಕಾಲು ತೊಳೆಸಿದೆ. ಹಾಡುವ ಹುಡುಗ ಘಮಘಮ ಅನ್ನುತ್ತಿದ್ದ.

"ಸೆಂಟು ಒಡ್ಕಂಡ್ ಬಂದಿದ್ದೀಯೇನ್ಲಾ? ಉಳಕ್ಕೆ ಆಗಲ್ಲ. ಓಗು, ಬೋರ್‌ವೆಲ್ ತಾವ ಮೈ ತೊಳ್ಕಂಡ್ ಬಾ."

"ಅಜ್ಜೀ, ಚಳಿ!"

"ಮೈಸೂರಲ್ಲಿ ಸೆಂಟಲ್ಲೇ ಸ್ನಾನ ಮಾಡೀಯಂತೆ, ಓಗ್ಲಾ."

ನಾನು ಒಳಗೆ ಹುಳದ ತಟ್ಟೆಗಳ ಪಕ್ಕ ನಿಂತೆ. ತೆರೆದ ಬಾಗಿಲಾಚೆ ಮೊಮ್ಮಗಳು ಒಂದು ಏಟು ಹಾಕಿದಳು ನೋಡಿ, ಅಷ್ಟೂ ಹುಳ ಮೇಯುವುದು ಬಿಟ್ಟು ತಲೆ ಎತ್ತಿದವು! ಕೈ ಎತ್ತಿದೆ. ಡ್ರಮ್ಮು ನಿಂತಿತು. ಸ್ವಲ್ಪ ಹೊತ್ತಿಗೆ ಒಂದು ಹುಳ ಸೊಪ್ಪಿಗೆ ಬಾಯಿ ಹಾಕಿತು, ಪಕ್ಕದ್ದೂ ಹಾಕಿತು, ಆಮೇಲೆ ಎಲ್ಲ ತಟ್ಟೆಯಲ್ಲೂ ಸರಸರ ಶುರುವಾಯಿತು.

"ಮೆಲ್ಲಗೆ ಸುರು ಮಾಡವ್ವ. ಅವು ಒಗ್ಗಿಕೊಳ್ಳಲಿ, ಆಮ್ಯಾಕೆ ಏರ್ಸು" ಎಂದೆ.

ಬೆರಳಲ್ಲಿ ಮುಟ್ಟಿದಂತೆ ಶುರು ಮಾಡಿದಳು. ಅವಳು ನನ್ನನ್ನು ನೋಡುವುದು, ನಾನು ಹುಳವನ್ನು ನೋಡಿ ತಲೆಯಾಡಿಸುವುದು, ಅವಳು ಚೂರು ಏರಿಸುವುದು. ಆರು ದಿನವೂ ಹೀಗೇ. ಹುಳಗಳು ಮತ್ತೆ ತಲೆ ಎತ್ತಲಿಲ್ಲ.

ಮೈಸೂರಿನಲ್ಲಿ ಇವರಿಗಿಂತ ಮೊದಲು ಬಂದವರೆಲ್ಲ ಕಿವಿ ಕಿತ್ತುಹೋಗುವಂತೆ ಬಾರಿಸಿದ್ದರು. ನಮ್ಮವಳು ಮೆಲ್ಲಗೆ ಶುರು ಮಾಡುತ್ತಲೇ ಜನ ಕೇಳಿಸಿಕೊಳ್ಳಲೆಂದು ತಾವೇ ಸುಮ್ಮನಾದರು. ಕೊನೆಗೆ ಏರಿಸಿದಾಗ ಎಲ್ಲರೂ ಎದ್ದು ಕುಣಿದರು. ನಾನೂ ಎದ್ದಿದ್ದೆ, ಮಂಡಿನೋವು ನೆನಪಾದದ್ದು ಮನೆಗೆ ಬಂದ ಮೇಲೆ.

ಆ ವಾರವೇ ಹುಳ ಹೊಟ್ಟೆ ತುಂಬ ಮೇದು ಹಣ್ಣಾಗಿ ಗೂಡು ಕಟ್ಟಿದವು. ಒಂದೊಂದು ಗೂಡೂ ಗಟ್ಟಿ. ಅತ್ತೆ ಇದ್ದಿದ್ದರೆ ಕರೆದು ತೋರಿಸುತ್ತಿದ್ದೆ.

ಈಗ ಬೆಂಗಳೂರಿನಿಂದ, ಕೇರಳದಿಂದೆಲ್ಲ ಕರೆ. ಆ ಮೆಲ್ಲನೆಯ ಶುರುವನ್ನೇ ಎಲ್ಲರೂ ಕೇಳುತ್ತಾರಂತೆ. ಇವಳು ಫೋನಿನಲ್ಲಿ, "ಆ ವಾರ ಆಗಲ್ಲ ಸಾರ್, ಮನೇಲಿ ಉಳ ಅವೆ, ಅಜ್ಜಿ ಒಬ್ಬಳಿಗೇ ಸೊಪ್ಪು ಆಕಕ್ಕಾಗಲ್ಲ" ಎನ್ನುವುದನ್ನು ನಾನೇ ಕೇಳಿದ್ದೇನೆ.

ಮೊನ್ನೆ ನಂಜನಗೂಡಿನಲ್ಲೇ ಕಾರ್ಯಕ್ರಮ. ಬಾಗಿಲು ಬಡಿದಿದ್ದವರೂ ಬಂದಿದ್ದರು. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮೊಮ್ಮಗಳು ಕೋಲು ಎತ್ತಿಕೊಂಡು ತಡೆದಳು. ಅಷ್ಟು ಜನರ ನಡುವೆ ನನ್ನನ್ನು ಹುಡುಕುತ್ತಿದ್ದಳು. ಹಿಂದೆ ತಿರುಗಿ ನೋಡಿದೆ. ಎಲ್ಲರೂ ತಲೆ ಎತ್ತಿ ಕಾಯುತ್ತಿದ್ದರು. ಅವಳ ಕಡೆ ತಿರುಗಿ ತಲೆಯಾಡಿಸಿದೆ.

ಮೆಲ್ಲಗೆ ಶುರು ಮಾಡಿದಳು.