ಹಿತ್ತಾಳೆ ಅಣಸು

ಪ್ಯಾನ್ ಕಾರ್ಡ್ ಹುಡುಕಲೆಂದು ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದರೆ ಕೈಗೆ ಸಿಕ್ಕಿದ್ದು ಹಿತ್ತಾಳೆಯ ಅಣಸು. ಎತ್ತಿನ ಕೊಂಬಿನ ತುದಿಗೆ ಹಾಕುತ್ತಾರಲ್ಲ, ಅದೇ. ಮೂಸಿದರೆ ಹುಣಸೆಹಣ್ಣಿನಿಂದ ತಿಕ್ಕಿದ ವಾಸನೆ ಇನ್ನೂ ಇದೆ ಅನ್ನಿಸಿತು. ನನ್ನ ಮೂಗನ್ನು ಅಷ್ಟಾಗಿ ನಂಬಬೇಡಿ. ಕಿವಿಯನ್ನಂತೂ ನಂಬಲೇಬೇಡಿ, ಕಡೂರಿನ ಆರ್ಕೆಸ್ಟ್ರಾದಲ್ಲಿ ಆರು ವರ್ಷ ರಿದಮ್ ಪ್ಯಾಡ್ ಬಾರಿಸಿ, ತಾಳ ತಪ್ಪಿಸಿ, ಕೊನೆಗೆ ಜೆರಾಕ್ಸ್ ಅಂಗಡಿ ಇಟ್ಟವನು ನಾನು.

ಅಣಸು ಸಿದ್ದೇಶನದು. ಎಮ್ಮೆದೊಡ್ಡಿಯಲ್ಲಿ ದನ ಕಾಯುವವರ ಮಗ, ನಮ್ಮ ಆರ್ಕೆಸ್ಟ್ರಾದ ಗಿಟಾರಿಸ್ಟ್. ಅವನಪ್ಪ ಅಜ್ಜಂಪುರದಲ್ಲಿ ಕೊಂಡ ಅಣಸಿನ ಜೋಡಿಯಲ್ಲಿ ಒಂದನ್ನು ಇವನು ಎಗರಿಸಿದ್ದ. ಎತ್ತು ಒಂದೇ ಅಣಸಿನಲ್ಲಿ ಓಡಾಡುತ್ತಿತ್ತು. ಅದನ್ನು ಕಿರುಬೆರಳಿಗೆ ಸಿಕ್ಕಿಸಿ ತಂತಿಯ ಮೇಲೆ ಜಾರಿಸಿದರೆ ಗಿಟಾರು ಮನುಷ್ಯರ ಹಾಗೆ ಕೂಗುತ್ತಿತ್ತು. ಬ್ಲೂಸ್, ಫಂಕ್ ಎಂಬ ಸಂಗೀತದ ಹೆಸರುಗಳನ್ನು ನಾನು ಕೇಳಿದ್ದು ಅವನ ಬಾಯಲ್ಲೇ. ಆ ವಿದ್ಯೆಯನ್ನು ನಂಬಿ ಬೆಂಗಳೂರಿನ ಹೋಟೆಲುಗಳಲ್ಲಿ, ಆಮೇಲೆ ಪ್ರವಾಸಿ ಹಡಗುಗಳಲ್ಲಿ ಹನ್ನೆರಡು ವರ್ಷ ನುಡಿಸಿದ. ಕಡಲ ನಡುವೆ ಜನ ಎದ್ದು ಕುಣಿದರಂತೆ. ಅವನಿಗೆ ಬೇಕಿದ್ದದ್ದು ಅಪ್ಪ ಒಮ್ಮೆ ಕೂತು ಕೇಳಬೇಕು ಅನ್ನುವುದಷ್ಟೇ.

ರಜೆಗೆ ಬಂದಾಗ ಒಂದು ಮಧ್ಯಾಹ್ನ ದನ ಮೇಯುವ ಕಾವಲಿನ ಅಂಚಿನಲ್ಲಿ ಬ್ಯಾಟರಿ ಆಂಪ್ಲಿಫೈಯರ್ ಇಟ್ಟು, ಅಪ್ಪ ದನ ಕರೆಯುವ ಕೂಗನ್ನೇ ಅಣಸಿನಲ್ಲಿ ನುಡಿಸಿದ. ಮೇಯುತ್ತಿದ್ದ ದನವೆಲ್ಲ ಕತ್ತೆತ್ತಿ, ಓಡಿಬಂದು ಸುತ್ತ ನಿಂತವು. ಜೊತೆಗೆ ತಾಳ ಹಾಕಲು ಹೋಗಿದ್ದ ನಾನು ಹೆದರಿ, ಪ್ಯಾಡು ಬಿಟ್ಟು ಬಂಡೆ ಹತ್ತಿದೆ.

"ಮೇಯೋ ದನಾನ ಯಾಕೋ ಕರದೆ?" ಎಂದರು ಅವನಪ್ಪ. "ಕರದ್ಮೇಲೆ ಒಂದ್ ಹಿಡಿ ಬೂಸಾನಾದ್ರೂ ಕೊಡ್ಬೇಕು. ಬರಿಗೈಲಿ ಕರದ್ರೆ ನಾಳೆ ನನ್ ಕೂಗ್ಗೂ ಬರಲ್ಲ ಅವು."

ಮನೆಗೆ ಹೋಗಿ ಬೂಸಾ ತಂದು, ದನಗಳ ಮುಂದೆ ಸುರಿದು, ಕಲ್ಲಿನ ಮೇಲೆ ಕೂತರು. "ಹೂಂ, ಈಗ ಬಾರ್ಸು."

ಸಿದ್ದೇಶ ಬಾರಿಸಿದ. ಅಂಥ ಕೇಳುಗರು ಅವನಿಗೆ ಮತ್ತೆ ಸಿಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವನು ದನ ನೋಡಿಕೊಂಡು ಊರಲ್ಲೇ ಉಳಿದ. ಹೋದ ವರ್ಷ ತರೀಕೆರೆಯ ಆರತಕ್ಷತೆಯೊಂದರಲ್ಲಿ ನುಡಿಸುತ್ತಿದ್ದಾಗ ಊಟಕ್ಕೆ ಕೂತವರು ಯಾರೋ ಸೌಂಡ್ ಕಮ್ಮಿ ಮಾಡಿಸಿದರು, ಇನ್ಯಾರೋ ನಿಲ್ಲಿಸಿಯೇಬಿಟ್ಟರು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ, ಜೊತೆಗೆ ಹೋಗಿದ್ದ ನನ್ನ ಕೈಗೆ ಅಣಸನ್ನಿಟ್ಟ.

"ನೀನೇ ಇಟ್ಕೊ ಕಣೋ. ನನ್ನತ್ರ ಕೊಡಕ್ಕೆ ಏನೂ ಉಳಿದಿಲ್ಲ. ಸುಮ್ನೆ ಯಾಕೆ ಕರೀಬೇಕು."

ಮಹಾ ಬುದ್ಧಿವಂತನಾದ ನಾನು ಅದನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಅಲ್ಲೇ ಅವನ ಕೈಗೆ ವಾಪಸ್ ಕೊಡಬೇಕಿತ್ತು. ಕೊಡಲಿಲ್ಲವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಪ್ಯಾನ್ ಕಾರ್ಡ್ ಸಿಗಲಿಲ್ಲ. ಅಂಗಡಿ ಬಾಗಿಲು ಹಾಕಿ ಎಮ್ಮೆದೊಡ್ಡಿ ಬಸ್ಸಿಗೆ ಕಾಯುತ್ತಿದ್ದೇನೆ. ಅಣಸು ಜೇಬಿನಲ್ಲಿದೆ. ಕಾಲ ಬಳಿ ಒಂದು ಮೂಟೆ ಬೂಸಾ.