ಯಾರ ಆಳೂ ಅಲ್ಲದ ಏಣಿ ಮಾವ

ನಮ್ಮ ಅತ್ತೆಯ ಪರದೆ ಅಂಗಡಿಯಲ್ಲಿ ಏಣಿ ಮಾವನಿಗಿದ್ದ ಬಿಗುಮಾನ ಅತ್ತೆಗೂ ಇರಲಿಲ್ಲ. ಹೊಲಿದ ಪರದೆಗಳನ್ನು ಗಿರಾಕಿಗಳ ಮನೆಗೆ ಒಯ್ದು, ಗೋಡೆ ಕೊರೆದು, ಸರಳು ಕೂರಿಸಿ ತೂಗುಹಾಕುವುದು ಅವನ ಕೆಲಸ. ಕೆಂಪು ಬಣ್ಣದ ಏಣಿ ಅವನ ಸ್ವಂತದ್ದು. ಸಂಜೆ ಅದನ್ನು ಹೆಗಲಿಗೇರಿಸಿ ಮನೆಗೆ ಒಯ್ಯುತ್ತಿದ್ದ, ಬೆಳಿಗ್ಗೆ ಮತ್ತೆ ಹೊತ್ತು ತರುತ್ತಿದ್ದ.

"ಇಲ್ಲೇ ಒರಗಿಸಿ ಹೋಗೋ, ಅದನ್ಯಾರು ತಿಂತಾರೆ?" ಎಂದು ಅತ್ತೆ ಅಂದರೆ, "ಅಕ್ಕಾ, ಏಣಿ ಇಲ್ಲಿಟ್ರೆ ನಾನೂ ಅಂಗಡಿ ಸಾಮಾನಾಗಿಬಿಡ್ತೀನಿ. ನಾನು ಯಾರ ಆಳೂ ಅಲ್ಲ" ಅನ್ನುತ್ತಿದ್ದ.

ಲೆಕ್ಕಪತ್ರ ನನ್ನ ಕೊರಳಿಗೆ ಬಿದ್ದಿತ್ತು. ಹೊರಗಿನಿಂದ ಬಂದು ಕೆಲಸ ಮಾಡಿಕೊಟ್ಟವರಿಗೆ ಎಷ್ಟೆಷ್ಟು ಕೊಟ್ಟೆವೆಂದು ವರ್ಷಕ್ಕೊಮ್ಮೆ ತೆರಿಗೆ ಕಚೇರಿಗೆ ತಿಳಿಸಬೇಕು. ಕರೆಂಟಿನವನು, ಬೋರ್ಡು ಬರೆಯುವವನು, ಒಬ್ಬೊಬ್ಬರ ತೆರಿಗೆ ನಂಬರು ಕೇಳುವಷ್ಟರಲ್ಲಿ ನನಗೆ ಸಾಕೋಸಾಕು. ಏಣಿ ಮಾವ ಮಾತ್ರ ತಾನಾಗಿಯೇ ಬಂದು, "ನನ್ನ ಹೆಸರು ಹೊರಗಿನವರ ಪಟ್ಟಿಯಲ್ಲೇ ಇದೆ ತಾನೇ?" ಎಂದು ಕನ್ನಡಕ ಏರಿಸಿ ನೋಡಿ, ಮದುವೆ ಪತ್ರಿಕೆಯಲ್ಲಿ ತನ್ನ ಹೆಸರು ಕಂಡವನಂತೆ ಹಿಗ್ಗುತ್ತಿದ್ದ.

ಈ ವರ್ಷ ಕಚೇರಿಯವರು ತಗಾದೆ ತೆಗೆದರು. ವರ್ಷವಿಡೀ ಒಂದೇ ಅಂಗಡಿಗೆ ದುಡಿಯುವವನು ಹೊರಗಿನವನು ಹೇಗಾಗುತ್ತಾನೆ? ವಿಚಾರಿಸಲು ಅಧಿಕಾರಿ ಬರುತ್ತಾರೆ. ನೌಕರನೆಂದು ತೀರ್ಮಾನವಾದರೆ ಹಿಂದಿನ ವರ್ಷಗಳ ತೆರಿಗೆ ಬಾಕಿಯನ್ನೆಲ್ಲ ಅತ್ತೆ ಕಟ್ಟಬೇಕು. ನನ್ನ ಜೀವ ಅಲ್ಲೇ ಅರ್ಧವಾಯಿತು. ಅತ್ತೆಯ ಚಿಂತೆಯೇ ಬೇರೆ. ಏಣಿ ಮಾವ ಆಗಲೇ ಹೇಳಿಬಿಟ್ಟಿದ್ದ: "ನೌಕರ ಅಂತ ಬರೆದ್ರೆ ಏಣಿ ಎತ್ಕೊಂಡು ಹೊರಟೆ."

"ದುಡ್ಡು ಹೋದ್ರೆ ಹೋಗ್ಲಿ ಕಣೇ, ಇವನು ಹೋದ್ರೆ?" ಎಂದಳು ಅತ್ತೆ.

ಅಧಿಕಾರಿ ಮೇಡಂ ಬಂದ ದಿನ ಮಾವ ಇಸ್ತ್ರಿ ಅಂಗಿ ತೊಟ್ಟು, ಏಣಿಯನ್ನೂ ಒರೆಸಿ ತಂದಿದ್ದ. ಸಾಕ್ಷಿಗೆ.

"ಸಲಕರಣೆ ಯಾರದ್ದು?"

"ನಂದೇ."

"ಕೆಲಸ ಬೇಡ ಅನ್ನೋ ಹಕ್ಕಿದೆಯಾ?"

"ಅಕ್ಕನ ಮನೆ ಪರದೆ ಹಾಕೋಕೇ ಬೇಡ ಅಂದಿದ್ದೆ. ಬಣ್ಣ ಚೆನ್ನಾಗಿರ್ಲಿಲ್ಲ."

ಅತ್ತೆ ಮುಖ ಗಂಟಿಕ್ಕಿದಳು. ಮೇಡಂ ನಗು ತಡೆದುಕೊಂಡು, "ನಿಮಗೆ ಬರೋಕಾಗದಿದ್ರೆ ಬದಲಿಗೆ ಬೇರೆಯವರು ಮಾಡಬಹುದಾ?" ಎಂದರು.

"ಧಾರಾಳವಾಗಿ! ಹೋದ ವರ್ಷ ನನ್ನ ಕಾಲು ಮುರಿದಾಗ ಅಕ್ಕ ಬೇರೆಯವರನ್ನ ಹಾಕ್ಕೊಂಡ್ರಲ್ಲ. ಕೇಳಿ ಬೇಕಾದ್ರೆ."

ಅತ್ತೆ ಮೇಜಿನ ಮೇಲಿನ ಬಟ್ಟೆಯ ಅಂಚು ನೀವುತ್ತಾ ಕೂತಳು. ಸುಳ್ಳು ಹೇಳಲು ನಾನು ಕಣ್ಸನ್ನೆ ಮಾಡಿದೆ. ಕೆಲಸಕ್ಕೆ ಬರಲಿಲ್ಲ.

"ಹಾಕ್ಕೊಂಡಿರ್ಲಿಲ್ಲ ಮೇಡಂ. ಹೊಲಿದದ್ದನ್ನೆಲ್ಲ ಪೇರಿಸಿಟ್ಟೆ. ಗಿರಾಕಿಗಳ ಹತ್ರ ಬೈಸ್ಕೊಂಡೆ. ಇವನು ಎದ್ದು ಬರ್ಲಿ ಅಂತ ಕಾದೆ."

"ಒಳ್ಳೆ ಜನ ಸಿಕ್ಕಿದ್ದಾರೆ ಅಂದಿದ್ರಿ?" ಮಾವನ ದನಿ ಸಣ್ಣಗಾಗಿತ್ತು.

"ಹಾಗನ್ನದಿದ್ರೆ ಮುರಿದ ಕಾಲಲ್ಲೇ ಏಣಿ ಹತ್ತೋನು ನೀನು!"

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಉಳಿದದ್ದೆಲ್ಲ ಹೇಗೋ ಎಳೆದಾಡಬಹುದಿತ್ತು. ಆದರೆ ಇವರ ಬದಲಿಗೆ ಇನ್ನೊಬ್ಬರು ಬರೋ ಹಾಗಿಲ್ಲ ಅಂದ್ಮೇಲೆ ಇದು ಗುತ್ತಿಗೆ ಅಲ್ಲಮ್ಮ. ನೌಕರ ಅಂತಲೇ ಬರೀಬೇಕು."

ಮಾವ ಏಣಿ ಹೊತ್ತು ಹೊರಟುಬಿಟ್ಟ. ದಿನವಿಡೀ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಅವಳು ಬಾಗಿಲನ್ನೇ ನೋಡುತ್ತಿದ್ದಳು. ಕಟ್ಟಬೇಕಾದ ಬಾಕಿ ನೆನೆದು ಸಿಟ್ಟು ಬಂದದ್ದು ನಿಜ, ಅವನಿಲ್ಲದ ಅಂಗಡಿ ನೆನೆದು ಅಳು ಬಂದದ್ದೂ ನಿಜ.

ಸಂಜೆ ಅವನು ಬಂದ. ಹಿಂದಿನ ದಿನ ಒಯ್ದಿಟ್ಟಿದ್ದ ದಂತವೈದ್ಯರ ಮನೆಯ ಪರದೆ ಹಾಕಿ ಮುಗಿಸಿದ್ದನಂತೆ. ಕೊರೆಯುವ ಯಂತ್ರ ಕೆಳಗಿಟ್ಟ, ಏಣಿಯನ್ನು ಗೋಡೆಗೆ ಒರಗಿಸಿದ, ಬರಿಗೈಯಲ್ಲಿ ಬೀದಿಗಿಳಿದ.

ನಾನು ಹಿಂದೆಯೇ ಓಡಿದೆ. "ಮಾವಾ, ಏಣಿ ಮರೆತೆಯಲ್ಲ!"

"ಮರೆತಿಲ್ಲ ಕಣೇ. ಬೆಳಿಗ್ಗೆ ಇಲ್ಲಿಗೇ ಬರಬೇಕಲ್ಲ."

ಒಳಗೆ ಅತ್ತೆ, "ಇನ್ನು ಇವನ ಏಣಿಗೂ ನಾನೇ ಜಾಗ ಮಾಡ್ಬೇಕು" ಎಂದು ಗೊಣಗುತ್ತಾ, ಮೂಲೆಯಲ್ಲಿದ್ದ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಸರಿಸತೊಡಗಿದ್ದಳು.